ಹಗೇವಿಗೆ ಇಳಿದವರು

ನಮ್ಮೂರು ಗುಬ್ಬಿ ಸೀಮೆಯದು. ಈಚೆಗೆ ಊರೊಳಗೆ ಚರಂಡಿ ತೋಡಲು ಜೆಸಿಬಿ ಬಂದಿತ್ತು. ದೊಡ್ಡಮನೆಯ ಮುಂದಿನ ಬಯಲಲ್ಲಿ ಅದರ ಹಲ್ಲು ಇಳಿದದ್ದೇ ತಡ, ನೆಲ ಗಕ್ಕನೆ ಕುಸಿದು ಬಾಯಿ ಬಿಟ್ಟಿತು. ಬಾಯಿ ಕಿರಿದು, ಒಳಗೆ ಹೊಟ್ಟೆ ದೊಡ್ಡದು. ಒಳಗೋಡೆ ಸುಟ್ಟ ಮಡಕೆಯ ಹಾಗೆ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಕಪ್ಪು. ತಳದಲ್ಲಿ ಕೊಳೆತ ಹುಲ್ಲಿನ ಪುಡಿ ಬಿಟ್ಟರೆ ಏನೂ ಇಲ್ಲ. ಹುಡುಗರು ಮೊಬೈಲು ಹಿಡಿದು ಸುತ್ತ ನಿಂತರು. ನಿಧಿ ಇತ್ತೇನೋ ಎಂದ ಒಬ್ಬ. ಸುರಂಗ ಎಂದ ಇನ್ನೊಬ್ಬ. ಕಾಲೇಜು ಓದಿದವನು ಇದು ಟಿಪ್ಪು ಕಾಲದ ಮದ್ದಿನ ಮನೆ ಎಂದು ತೀರ್ಪು ಕೊಟ್ಟೇಬಿಟ್ಟ. ನಮ್ಮ ಕೇರಿಯ ದೊಡ್ಡಪ್ಪ, ಎಂಬತ್ತು ದಾಟಿದವನು, ಕೋಲೂರಿಕೊಂಡು ಬಂದು ಬಗ್ಗಿ ನೋಡಿ ಅಂದ: "ಸುರಂಗಾನೂ ಅಲ್ಲ, ಗಿರಂಗಾನೂ ಅಲ್ಲ ಕಣ್ರಲಾ. ಇದು ಅಗೇವು. ನಮ್ಮಪ್ಪ ಇದ್ರೊಳೀಕೆ ಇಳೀತಿದ್ದ."

ಹಗೇವು ಎಂದರೇನು ಎಂದು ಆ ಹುಡುಗರಿಗೆ ಗೊತ್ತಿಲ್ಲದಿದ್ದದ್ದು ಅವರ ತಪ್ಪಲ್ಲ. ಅವರ ಪಾಠದಲ್ಲಿ ಅರಮನೆ ಇದೆ, ಕೋಟೆ ಇದೆ, ಯುದ್ಧವಿದೆ. ರಾಗಿ ಎಲ್ಲಿತ್ತು ಎಂಬುದು ಇಲ್ಲ. ಇನ್ನು ಹಗೇವಿನ ಬಗ್ಗೆ ಬಲ್ಲವರು ಬರೆದಾಗಲೂ ಒಂದೇ ರಾಗ. ನಮ್ಮ ಹಿಂದಿನವರು ಎಂಥ ಜಾಣರು, ಹತ್ತಾರು ವರ್ಷದ ರಾಗಿಯನ್ನು ನೆಲದೊಳಗೆ ಕೂಡಿಟ್ಟು ಬರಗಾಲವನ್ನು ಗೆದ್ದರು ಎಂದು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದ ಮೇಲೆ ಈ ಮಾತು ಮತ್ತೆ ಎದ್ದಿತು. ಮನೆಯಲ್ಲಿ ಮೂರು ತಿಂಗಳ ಸಾಮಾನು ಇಟ್ಟುಕೊಳ್ಳಿ, ಅಜ್ಜಿಯರ ಕಾಲದ ಸ್ವಾವಲಂಬನೆಗೆ ಮರಳಿ ಎಂದು ಬೋಧನೆ ಶುರುವಾಯಿತು. ಮೇ 12ರಂದು ಪ್ರಧಾನಿ ಟೀವಿಯಲ್ಲಿ ಬಂದು ಆತ್ಮನಿರ್ಭರ ಎಂಬ ಶಬ್ದವನ್ನೇ ದೇಶಕ್ಕೆ ಕೊಟ್ಟರು. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ ನಮ್ಮ ಕೇರಿಯ ಹುಡುಗರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ತುಮಕೂರು ರಸ್ತೆಯಲ್ಲಿ ನಡೆದು ಬಂದರು. ದಿನಗೂಲಿಯವನ ಮನೆಯಲ್ಲಿ ಮೂರು ತಿಂಗಳ ಸಾಮಾನು ಎಲ್ಲಿಂದ ಬರಬೇಕು?

ಹಿಂದಿನವರು ಕೂಡಿಟ್ಟರು ಅನ್ನುತ್ತಾರಲ್ಲ, ಆ ಹಿಂದಿನವರು ಯಾರು? ಕೂಡಿಟ್ಟವರು ಯಾರು, ಹೊತ್ತು ತಂದವರು ಯಾರು, ಇಳಿದವರು ಯಾರು, ಉಂಡವರು ಯಾರು? ಗೆಳೆಯರೆ, ಹಗೇವಿನ ಚರಿತ್ರೆ ಎಂದರೆ ಈ ನಾಲ್ಕು ಪ್ರಶ್ನೆಗಳೇ.

ಮೊದಲು ಹಗೇವಿನ ಕೆಲಸವನ್ನು ನೋಡೋಣ. ಅದು ನಿಜಕ್ಕೂ ಜಾಣತನದ ಕೆಲಸ. ನೀರು ನಿಲ್ಲದ ದಿಬ್ಬದ ಗಟ್ಟಿ ನೆಲ ಹುಡುಕಬೇಕು. ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟು, ಕೆಳಗೆ ಹೋಗುತ್ತಾ ಹೊಟ್ಟೆ ಅಗಲ ಮಾಡುತ್ತಾ ಒಂದಾಳು, ಎರಡಾಳುದ್ದ ತೋಡಬೇಕು. ಒಳಗೆ ಸೌದೆ, ಕಸಕಡ್ಡಿ ಹಾಕಿ ಬೆಂಕಿ ಕೊಟ್ಟು ಗೋಡೆಯನ್ನು ಸುಡಬೇಕು. ತೇವ ಸಾಯಬೇಕು, ಗೆದ್ದಲು ಸಾಯಬೇಕು. ತಳಕ್ಕೂ ಗೋಡೆಗೂ ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ರಾಗಿ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಅದರ ಮೇಲೆ ಗಾಡಿ ಓಡಾಡಬಹುದು. ರಾಗಿ ಕಾಳು ಪುಟ್ಟದು, ಸಿಪ್ಪೆ ಗಟ್ಟಿ. ಅಕ್ಕಿ, ಜೋಳಕ್ಕೆ ಬೀಳುವ ಹುಳ ಇದಕ್ಕೆ ಅಷ್ಟಾಗಿ ಬೀಳದು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತಲೇ ಇರುತ್ತದೆ. ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಆಮೇಲೆ ಯಾವ ಹುಳವೂ ಬದುಕದು. ರಾಗಿ ವರ್ಷಗಟ್ಟಲೆ ಕೆಡದೆ ಇರುವ ಗುಟ್ಟು ಇದು. 1800ರಲ್ಲಿ ಕಂಪನಿ ಸರ್ಕಾರಕ್ಕಾಗಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ರಾಗಿಯನ್ನು ನೆಲದ ಗುಂಡಿಗಳಲ್ಲಿ ಇಡುವುದನ್ನು ಬರೆದಿದ್ದಾನೆ. ಗುಬ್ಬಿಗೂ ಬಂದಿದ್ದ, ಅಲ್ಲಿಯ ಸಂತೆ ಪೇಟೆ ನೋಡಿದ್ದ. ಯಾವ ಬೆಳೆಗೆ ಯಾವ ಗೊಬ್ಬರ, ಯಾರಿಗೆ ಎಷ್ಟು ಕೂಲಿ ಎಂದು ಕೇಳಿ ಕೇಳಿ ಗುರುತು ಹಾಕಿಕೊಂಡವನು ಅವನು.

ಆದರೆ ಹುಳ ಬದುಕದ ಗುಂಡಿಯಲ್ಲಿ ಮನುಷ್ಯ ಬದುಕುತ್ತಾನೆಯೆ? ಹಗೇವು ತೆಗೆದ ದಿನ ಬಾಯಿ ತೆರೆದು ಗಾಳಿಯಾಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಕಾಯಬೇಕು. ಈ ಶಾಸ್ತ್ರ ಎಲ್ಲರಿಗೂ ಗೊತ್ತಿತ್ತು. ಕಾಯುವುದಕ್ಕೆ ಪುರಸೊತ್ತು ಮಾತ್ರ ಇರುತ್ತಿರಲಿಲ್ಲ. ನಮ್ಮ ದೊಡ್ಡಪ್ಪನ ಬಾಯಲ್ಲಿ ಕೇಳಿದ್ದು: "ಮದುವೆ ಮನೆ, ನೆಂಟ್ರು ಬಂದ್ಬಿಟ್ಟವ್ರೆ, ರಾಗಿ ಬೀಸ್ಬೇಕು. ಇಳಿಯೋ ಅಂದ್ರು. ದೀಪ ಇಳ್ಸಾನ ಬುದ್ಧಿ ಅಂದ ನಮ್ ಚಿಕ್ಕತಾತ. ಆಡಾಡ್ತಾ ಇದ್ರೆ ಒತ್ತು ಓಯ್ತದೆ ಇಳಿಯೋ ಅಂದ್ರು. ಇಳ್ದ. ಮಾತೇ ಇಲ್ಲ. ಅಣ್ಣ ಯಾಕೋ ಮಾತಾಡ್ನಿಲ್ಲ ಅಂತ ತಮ್ಮನೂ ಇಳ್ದ. ಇಬ್ರನ್ನೂ ಕೊಕ್ಕೆ ಆಕಿ ಎಳುದ್ರು." ಇದಕ್ಕೆ ಪೋಲೀಸಿಲ್ಲ, ಪಂಚನಾಮೆ ಇಲ್ಲ, ಶಾನುಭೋಗರ ದಫ್ತರದಲ್ಲಿ ಒಂದು ಸಾಲಿಲ್ಲ. ಮದುವೆ ನಿಲ್ಲಲಿಲ್ಲ. ಆ ರಾಗಿಯ ಮುದ್ದೆಯನ್ನೇ ನೆಂಟರು ಉಂಡರಂತೆ.

ಇಳಿಯುತ್ತಿದ್ದವರು ಜೀತದಾಳುಗಳು. ಬಹುಪಾಲು ಹೊಲೆಯ ಮಾದಿಗರು. ಮನೆಯೊಳಗೆ ಹೊಸ್ತಿಲು ದಾಟಬಾರದವನು ಹಗೇವಿನೊಳಗೆ ಇಳಿದು, ಮೊಣಕಾಲು ಮಟ್ಟ ರಾಗಿಯಲ್ಲಿ ನಿಂತು, ಮಂಕರಿ ತುಂಬಿ ಕೊಡಬಹುದಾಗಿತ್ತು. ಕಾಳಿಗೆ ಮೈಲಿಗೆ ಇರಲಿಲ್ಲ! ಮೈಲಿಗೆ ಎಂಬುದು ಎಲ್ಲಿ ಬೇಕೋ ಅಲ್ಲಿ ಹತ್ತುವ, ಎಲ್ಲಿ ಬೇಡವೋ ಅಲ್ಲಿ ಹತ್ತದ ವಸ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಹಗೇವಿನ ಗೋಡೆಗೆ ಅಂಟಿ ತೇವ ಹಿಡಿದು ಕಪ್ಪಾದ, ಮುಗ್ಗಲು ವಾಸನೆಯ ರಾಗಿಯನ್ನು ಕೆರೆದು ಆಳಿಗೆ ಕೊಡುತ್ತಿದ್ದರು. ಅದು ಅವನ ಇನಾಮು.

ಈಗ ಒಂದು ಲೆಕ್ಕ ಹಾಕೋಣ. ಮೇಷ್ಟರುಗಳು ಬೇಕಾದರೆ ಮಕ್ಕಳಿಗೆ ಕೊಡಬಹುದಾದ ಲೆಕ್ಕ. ನಮ್ಮ ದೊಡ್ಡಪ್ಪನ ಅಪ್ಪನಿಗೆ ಜೀತದ ಸಂಬಳ ವರ್ಷಕ್ಕೆ ಎರಡು ಪಲ್ಲ ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ಪಲ್ಲ ಎಂದರೆ ನೂರು ಸೇರು. ಗಂಡ ಹೆಂಡತಿ ಮೂವರು ಮಕ್ಕಳ ಮನೆಗೆ ದಿನಕ್ಕೆ ಎರಡು ಸೇರು ಹಿಟ್ಟು ಬೇಕು. ಹಾಗಾದರೆ ಎರಡು ಪಲ್ಲ ನೂರು ದಿನಕ್ಕೆ ಬಂತು. ವರ್ಷಕ್ಕೆ 365 ದಿನ. ಉಳಿದ 265 ದಿನ ಏನು ಮಾಡಬೇಕು? ಸಂಕ್ರಾಂತಿ ಹೊತ್ತಿಗೆ ಕಣ ಮುಗಿದು ರಾಗಿ ಕೈಗೆ ಬಂದರೆ ಯುಗಾದಿ ದಾಟುತ್ತಿದ್ದಂತೆ ಕುಡಿಕೆಯ ತಳ ಕಾಣುತ್ತಿತ್ತು. ಆಮೇಲೆ ದೊಡ್ಡಮನೆಗೇ ಹೋಗಿ ಸಾಲದ ರಾಗಿ ತರಬೇಕು. ಒಂದಕ್ಕೆ ಒಂದೂವರೆ. ಮುಂದಿನ ಕಣದಲ್ಲಿ ಅದನ್ನು ಹಿಡಿದುಕೊಂಡು ಮಿಕ್ಕದ್ದು ಕೊಡುತ್ತಾರೆ. ಮಿಕ್ಕದ್ದು ಇನ್ನೂ ಕಡಿಮೆ ದಿನಕ್ಕೆ ಬರುತ್ತದೆ. ಮತ್ತೆ ಸಾಲ. ಸಾಲ ತೀರದಿದ್ದರೆ ಮಗ ಜೀತಕ್ಕೆ. ಹೀಗೆ ಒಬ್ಬರ ಹಗೇವು ತುಂಬುವ ದಾರಿ ಇನ್ನೊಬ್ಬರ ಕುಡಿಕೆ ಬರಿದಾಗುವ ದಾರಿಯೇ ಆಗಿತ್ತು. ಹಗೇವಿನ ರಾಗಿಯಲ್ಲಿ ಆಳಿನ ಹೊಟ್ಟೆಯ ಪಾಲೂ ಸೇರಿತ್ತು.

ಹಳ್ಳಿ ತನಗೆ ಬೇಕಾದ್ದನ್ನೆಲ್ಲ ತಾನೇ ಮಾಡಿಕೊಳ್ಳುವ ಪುಟ್ಟ ಗಣರಾಜ್ಯ ಎಂದು 1830ರಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದ. ದೊರೆಗಳು ಬರಲಿ ಹೋಗಲಿ ಹಳ್ಳಿ ಹಾಗೇ ಇರುತ್ತದೆ ಎಂದು ಅವನಿಗೆ ಬಹಳ ಮೆಚ್ಚುಗೆ. ಆಮೇಲೆ ನಮ್ಮ ದೇಶಭಕ್ತರೂ ಅದನ್ನೇ ಹಿಡಿದುಕೊಂಡರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಈ ಹೊಗಳಿಕೆಯನ್ನು ಎತ್ತಿಕೊಂಡು ಬಿಡಿಸಿ ಬಿಸಾಡಿದರು. ಹಳ್ಳಿ ಉಳಿಯಿತು ನಿಜ, ಯಾವ ಮಟ್ಟದಲ್ಲಿ ಉಳಿಯಿತು, ಉಳಿದದ್ದಕ್ಕೆ ಬೆಲೆಯೇನು ಎಂದು ಕೇಳಿದರು. ಸಭೆಯಲ್ಲಿ ಹಲವರಿಗೆ ಸಿಟ್ಟು ಬಂತು. ಬರಲೇಬೇಕು. ಅವರ ಮನೆಗಳಲ್ಲಿ ಹಗೇವಿತ್ತು.

ಈ ಸ್ವಾವಲಂಬಿ ಹಳ್ಳಿಯ ನಿಜವಾದ ಪರೀಕ್ಷೆ ನಡೆದದ್ದು ಧಾತು ಈಶ್ವರ ಬರದಲ್ಲಿ. ನಮ್ಮ ಕಡೆ ಮುದುಕರು ಈಗಲೂ ತೀರಾ ಕೆಟ್ಟ ಕಾಲಕ್ಕೆ ದಾತು ಬರ ಎನ್ನುತ್ತಾರೆ. ಧಾತು ಸಂವತ್ಸರ 1876-77, ಈಶ್ವರ 1877-78. 1875ರಲ್ಲೇ ಮಳೆ ಸೋತಿತ್ತು. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟವು. 1877ರಲ್ಲಿ ಮುಂಗಾರು ಮತ್ತೆ ತಡವಾಯಿತು. ಆಗ ಮೈಸೂರು ರಾಜ್ಯ ನೇರವಾಗಿ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು, ರಾಜಮನೆತನಕ್ಕೆ ಅಧಿಕಾರ ಮರಳಿದ್ದು 1881ರಲ್ಲಿ. 1871ರ ಜನಗಣತಿಯಲ್ಲಿ ರಾಜ್ಯದ ಜನ 50 ಲಕ್ಷಕ್ಕೆ ಮೇಲೆ. 1881ರಲ್ಲಿ ಎಣಿಸಿದಾಗ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಹುಟ್ಟಬೇಕಾಗಿದ್ದವರನ್ನು ಬಿಟ್ಟೂ ಎಂಟು ಲಕ್ಷಕ್ಕೂ ಹೆಚ್ಚು ಜನ ಮಾಯ. ಬರ ಬಹಳವಾಗಿ ಬಡಿದ ಜಿಲ್ಲೆಗಳು ಕೋಲಾರ, ಚಿತ್ರದುರ್ಗ ಮತ್ತು ನಮ್ಮ ತುಮಕೂರು. ತುಮಕೂರು ಜಿಲ್ಲೆಯಲ್ಲಿ ಆರು ಲಕ್ಷ ದಾಟಿದ್ದ ಜನ ನಾಲ್ಕು ಲಕ್ಷದ ಆಸುಪಾಸಿಗೆ ಇಳಿದರು. ಅಂದರೆ ಮೂವರಲ್ಲಿ ಒಬ್ಬರು ಲೆಕ್ಕದಲ್ಲಿಲ್ಲ. ಹಗೇವುಗಳ ಸೀಮೆ ಇದು, ನೆನಪಿರಲಿ.

ಹಗೇವು ಯಾಕೆ ಕಾಪಾಡಲಿಲ್ಲ? ಒಂದು ವರ್ಷ ಮಳೆ ಹೋದರೆ ಹಗೇವು ತಡೆಯುತ್ತದೆ. ಎರಡನೆಯದಕ್ಕೆ ದೊಡ್ಡಮನೆ ಬಾಯಿ ಮುಚ್ಚಿಕೊಳ್ಳುತ್ತದೆ. ತನಗೆ, ತನ್ನ ಎತ್ತಿಗೆ, ತನ್ನ ಬಿತ್ತನೆಗೆ ಎಂದು ಅದು ಎಣಿಸುತ್ತದೆ. ಕೆಲಸವೇ ಇಲ್ಲದಾಗ ಆಳಿಗೆ ಯಾಕೆ ಕಾಳು? ಜೀತದಿಂದ ಬಿಡುಗಡೆ ಎಂಬುದು ನಮ್ಮ ಜನಕ್ಕೆ ಆ ಬರದಲ್ಲಿ ಸಿಕ್ಕಿತು. ನೀನಿನ್ನು ಹೋಗು ಎಂದು. ಸಣ್ಣ ರೈತರ ಹಗೇವು ಮೊದಲ ವರ್ಷವೇ ಬರಿದಾದವು. ಕೂಲಿಯವರಿಗೆ, ನೇಯ್ಗೆಯವರಿಗೆ, ಕೇರಿಯವರಿಗೆ ಬರಿದಾಗಲು ಹಗೇವೇ ಇರಲಿಲ್ಲ. ಕಾಳು ಇಲ್ಲದೆ ಜನ ಸಾಯುವುದು ಬೇರೆ, ಕಾಳಿದ್ದೂ ಅದನ್ನು ಪಡೆಯುವ ಹಕ್ಕಿಲ್ಲದೆ ಸಾಯುವುದು ಬೇರೆ ಎಂದು ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕ ಬರೆದು ತೋರಿಸಿದರು. 1943ರ ಬಂಗಾಳದ ಕ್ಷಾಮವನ್ನು ಒಂಬತ್ತು ವರ್ಷದ ಹುಡುಗನಾಗಿ ಕಂಡವರು ಅವರು. ನಮ್ಮ ಕೇರಿಗೆ ಆ ಪುಸ್ತಕ ಹೊಸ ಸುದ್ದಿಯಲ್ಲ. ಆದರೂ ಲೋಕಕ್ಕೆ ಹೇಳಿದ್ದಕ್ಕೆ ಅವರಿಗೆ ನಮಸ್ಕಾರ.

ಇನ್ನು ಸರ್ಕಾರ. 1877ರ ಜನವರಿ 1ರಂದು, ಇಲ್ಲಿ ಹೆಣ ಬೀಳುತ್ತಿರುವಾಗ, ವೈಸ್‌ರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ಕೂರಿಸಿ ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಅದೇ ತಿಂಗಳು ರಿಚರ್ಡ್ ಟೆಂಪಲ್ ಎಂಬ ಸಾಹೇಬ ಬರದ ಖರ್ಚು ಕಡಿಮೆ ಮಾಡಲು ದಕ್ಷಿಣಕ್ಕೆ ಬಂದ. ಮದ್ರಾಸ್ ಸೀಮೆಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಮೇಲೆ ಒಂದಾಣೆ ಸಾಕು ಎಂದ. ಒಂದು ಪೌಂಡು ಎಂದರೆ ಅರ್ಧ ಕೇಜಿಯೂ ಇಲ್ಲ. ನಮ್ಮ ಕಡೆ ಬರಗಾಲದ ಕಾಮಗಾರಿಯಾಗಿ ಬೆಂಗಳೂರು ಮೈಸೂರು ರೈಲಿನ ದಿಬ್ಬಕ್ಕೆ ಮಣ್ಣು ಹೊತ್ತರು. ತುಮಕೂರು, ಗುಬ್ಬಿಗೆ ರೈಲು ಬಂದದ್ದು 1884ರಲ್ಲಿ, ಬರ ಮುಗಿದು ಆರು ವರ್ಷದ ಮೇಲೆ. ರೈಲು ಬಂದರೆ ಕಾಳು ಬರುತ್ತದೆ ಎಂದರು. ಬಂತು. ಹೋಗುವುದಕ್ಕೂ ಅದೇ ಹಳಿ. ತುಮಕೂರಿನ ಮಂಡಿಪೇಟೆಯಲ್ಲಿ ದರ ಏರಿತು ಎಂದರೆ ಹಳ್ಳಿಯ ಹಗೇವು ಬಾಯಿ ತೆರೆಯುತ್ತದೆ. ಕೇರಿಯಲ್ಲಿ ಹಸಿವು ಏರಿತು ಎಂದು ತೆರೆಯುವುದಿಲ್ಲ.

ತುಮಕೂರಿನಲ್ಲೂ ಹಾಸನದಲ್ಲೂ ವೆಸ್ಲಿಯನ್ ಮಿಷನ್ನಿನವರು ಬರದಲ್ಲಿ ತಬ್ಬಲಿಗಳಾದ ಮಕ್ಕಳಿಗೆ ಅನಾಥಾಲಯ ನಡೆಸಿದರು. ಮತಾಂತರ ಮಾಡಿದರು ಎಂದು ಬೈಯುವವರು ಇದ್ದಾರೆ. ಬೈಯಲಿ. ಆ ಮಕ್ಕಳ ಬಾಯಿಗೆ ಮುದ್ದೆ ಇಡಲು ಆಗ ಎಷ್ಟು ಮಠ, ಎಷ್ಟು ಅಗ್ರಹಾರ ಸಾಲುಗಟ್ಟಿ ನಿಂತಿದ್ದವು ಎಂದು ನಾವೂ ಕೇಳಬಹುದು. ಅದೇ 1877ರಲ್ಲಿ ಪುಣೆಯ ಬಳಿ ಧನಕವಡಿಯಲ್ಲಿ ಜೋತಿಬಾ ಫುಲೆ ಮತ್ತು ಸತ್ಯಶೋಧಕ ಸಮಾಜದವರು ಬರದ ಮಕ್ಕಳಿಗಾಗಿ ಆಶ್ರಮ ತೆರೆದು ಊಟ ಹಾಕಿದರು. ಒಬ್ಬೊಬ್ಬರೇ ತಮ್ಮ ಮನೆ ತುಂಬಿಕೊಂಡು ಬಾಗಿಲು ಹಾಕಿಕೊಳ್ಳುವುದೂ ಬರದ ಸಿದ್ಧತೆಯೇ, ಹತ್ತು ಮನೆಯಿಂದ ಎತ್ತಿ ಒಂದೆಡೆ ಬೇಯಿಸಿ ಹಂಚುವುದೂ ಸಿದ್ಧತೆಯೇ. ಎರಡನೆಯದರ ಹೆಸರು ಮಾತ್ರ ಸ್ವಾವಲಂಬನೆಯ ಪುಸ್ತಕಗಳಲ್ಲಿ ಕಾಣುವುದಿಲ್ಲ. ಬರ ಕಳೆದು ಬಂದ ಸಂವತ್ಸರದ ಹೆಸರು ಬಹುಧಾನ್ಯ. ಪಂಚಾಂಗ ಬರೆದವನು ನಕ್ಕನೋ ಏನೋ!

ಹಾಗಾದರೆ ಕೇರಿಯಲ್ಲಿ ಬದುಕಿ ಉಳಿದವರು ಹೇಗೆ ಉಳಿದರು? ಉಳಿದದ್ದರಿಂದಲೇ ತಾನೆ ನಾನು ಇದನ್ನು ಬರೆಯುತ್ತಿರುವುದು. ಈ ಭಾಗ ಯಾವ ಗೆಜೆಟಿಯರಿನಲ್ಲೂ ಸರಿಯಾಗಿ ಸಿಗದು, ಹೆಂಗಸರ ಬಾಯಲ್ಲಿ ಸಿಗುತ್ತದೆ. ನಮ್ಮ ದೊಡ್ಡವ್ವನ ಮನೆ ಎಂದರೆ ಒಂದು ಅಂಕಣದ ಗುಡಿಸಲು. ಅದರಲ್ಲಿ ಒಂದು ವಾಡೆ, ನಾಲ್ಕು ಗಡಿಗೆ, ಸೂರಿಗೆ ತೂಗಿಬಿಟ್ಟ ಕುಡಿಕೆಗಳು. ಅವರೆ, ತೊಗರಿಗೆ ಕೆಮ್ಮಣ್ಣು ಬಳಿದು ಒಣಗಿಸಿ ಇಡುತ್ತಿದ್ದಳು. ಹುರುಳಿಗೆ ಒಲೆ ಬೂದಿ. ಒಳ್ಳೆ ತೆನೆಗಳನ್ನು ಆರಿಸಿ ಒಲೆಯ ಮೇಲೆ ಹೊಗೆ ಬೀಳುವ ಕಡೆ ಕಟ್ಟುತ್ತಿದ್ದಳು, ಬಿತ್ತನೆಗೆ ಅಂತ. ತನ್ನ ಹೆಸರಿನಲ್ಲಿ ಒಂದು ಗುಂಟೆ ನೆಲವಿಲ್ಲದವಳು ಬಿತ್ತನೆ ಯಾಕೆ ಕಟ್ಟುತ್ತಿದ್ದಳು? ಕೇಳಿದ್ದಕ್ಕೆ ಅಂದಳು: "ಯಾರಾದ್ರೂ ಕೋರಿಗೆ ಕೊಟ್ಟಾರು ಕಣ್ಲಾ. ಕೊಟ್ಟಾಗ ಬಿತ್ತನೆ ಇಲ್ದೆ ಓದ್ರೆ? ಅಸ್ಕೊಂಡು ಸತ್ರೂ ಸೈ, ಬಿತ್ತನೆ ಕುಡಿಕೆಗೆ ಕೈ ಆಕ್ಬಾರ್ದು." ಭೂಮಿ ಇಲ್ಲದವಳ ಬಿತ್ತನೆ ಕುಡಿಕೆ ಇದು. ಇತಿಹಾಸಕಾರರು ಇದಕ್ಕೆ ಯಾವ ಅಧ್ಯಾಯದಲ್ಲಿ ಜಾಗ ಕೊಡುತ್ತಾರೋ ನೋಡಬೇಕು.

ಆಷಾಢ ಶ್ರಾವಣದಲ್ಲಿ ಕುಡಿಕೆ ಬರಿದಾದಾಗ ಹೊಲದ ಬದು ಅವಳ ಕಣಜ. ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಹೊನಗೊನ್ನೆ, ಮುಳ್ಳುಕೀರೆ, ನುಗ್ಗೆ. ಎಲ್ಲ ಬೆರಕೆ ಮಾಡಿ ಬೇಯಿಸಿ ಒಂದು ಹಿಡಿ ಹಿಟ್ಟು ಉದುರಿಸಿದರೆ ಐದು ಹೊಟ್ಟೆಗೆ ಆಗುತ್ತಿತ್ತು. ಬಿತ್ತದೆ, ನೀರು ಕಟ್ಟದೆ, ಬೇರೆಯವರ ಹೊಲದಲ್ಲಿ ಕಳೆಯೆಂದು ಕಿತ್ತು ಬಿಸಾಡುವ ಅಣ್ಣೆ ಸೊಪ್ಪು ಎಷ್ಟು ಜೀವ ಉಳಿಸಿದೆಯೋ. ಇನ್ನೂ ಕೆಟ್ಟ ದಿನಕ್ಕೆ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಕುಟ್ಟಿದ ಹಿಟ್ಟು. ಮಾವಿನ ಓಟೆಯನ್ನು ಒಗರು ಹೋಗುವವರೆಗೆ ನೀರಲ್ಲಿಟ್ಟು ಬೇಯಿಸಿದ್ದು. ಪಾಪಾಸುಕಳ್ಳಿ ಹಣ್ಣು. ಯಾವುದನ್ನು ಎಷ್ಟು ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಲೆಕ್ಕ ಅವಳಿಗಿತ್ತು. ಈಗ ಪೇಟೆಯಲ್ಲಿ ಬೆರಕೆ ಸೊಪ್ಪು, ಸಿರಿಧಾನ್ಯ ಎಂದು ದುಬಾರಿ ಊಟ ಮಾಡುವವರನ್ನು ಕಂಡರೆ ನಗು ಬರುತ್ತದೆ. ತಿನ್ನಲಿ, ಒಳ್ಳೆಯದೇ. ಅದು ಸಿರಿಯಾದದ್ದು ಯಾವಾಗ ಎಂಬುದಷ್ಟೇ ನಮ್ಮ ತಕರಾರು.

ಇನ್ನೊಂದು ಉಗ್ರಾಣವಿತ್ತು, ಹೇಳಲು ನಾಚಿಕೆ ಪಡಬೇಕಾದ್ದು ನಾವಲ್ಲ. ಬರದಲ್ಲಿ ಮೊದಲು ಸಾಯುವುದು ದನ. ಸತ್ತ ದನ ಹೊರುವುದು ನಮ್ಮ ಬಿಟ್ಟಿ. ಚರ್ಮ, ಮಾಂಸ ನಮ್ಮ ಪಾಲು. ಬಾಡನ್ನು ಎಳೆ ಎಳೆಯಾಗಿ ಕುಯ್ದು, ಉಪ್ಪು ಸವರಿ, ಹಗ್ಗದ ಮೇಲೆ ಒಣಹಾಕಿ ಗಡಿಗೆಗೆ ತುಂಬಿದರೆ ತಿಂಗಳುಗಟ್ಟಲೆ ಬರುತ್ತಿತ್ತು. ಊರ ದೊಡ್ಡಮನೆಯ ಕೂಸು ಸತ್ತ ಆ ಬರದಲ್ಲಿ ಕೇರಿಯ ಕೂಸೊಂದು ಉಳಿದಿದ್ದರೆ ಆ ಒಣಬಾಡಿನಿಂದ ಉಳಿದಿರಬೇಕು. 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನ ತಿನ್ನುವುದನ್ನು ಬಿಡಿ, ಎಂಜಲು ಬೇಡುವುದನ್ನು ಬಿಡಿ, ಭೂಮಿ ಹಿಡಿದು ಬೇಸಾಯ ಮಾಡಿ ಎಂದರು. ಮೊದಲ ಎರಡು ಮಾತು ನಮ್ಮ ಕೈಯಲ್ಲಿತ್ತು, ಬಿಟ್ಟೆವು. ನಮ್ಮ ಕೇರಿಯಲ್ಲಿ ಬಿಟ್ಟ ದಿನವನ್ನು ನೆನೆಯುವ ಮುದುಕರಿದ್ದರು. ಬಿಟ್ಟ ಮೊದಲ ವರ್ಷ ಹಸಿವು ಹೆಚ್ಚಾಯಿತು ಎಂದೂ ಅವರೇ ಹೇಳುತ್ತಿದ್ದರು. ಮಾನಕ್ಕೆ ಕೊಟ್ಟ ಬೆಲೆ ಅದು. ಮೂರನೆಯ ಮಾತು, ಭೂಮಿ, ಇನ್ನೊಬ್ಬರ ಕೈಯಲ್ಲಿತ್ತು.

ಕಣದ ಕಾಳಿನ ಕತೆಯೂ ಹೀಗೇ. ತೋಟಿ, ತಳವಾರ, ನೀರುಗಂಟಿ ಎಂದು ಊರ ಚಾಕರಿ ಮಾಡಿದ್ದಕ್ಕೆ ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯ ಪಡೆಯಬೇಕು. ಅದು ಕೂಲಿಯೋ ಭಿಕ್ಷೆಯೋ ತಿಳಿಯದ ಹಾಗೆ ಕೊಡುತ್ತಿದ್ದರು. ರಾಶಿ ಎತ್ತಿದ ಮೇಲೆ ನೆಲದ ಕಾಳು ಗುಡಿಸಿಕೋ ಎನ್ನುತ್ತಿದ್ದರು. 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಬಾಬಾಸಾಹೇಬರು ಮಹಾರ್ ವತನದ ಮಸೂದೆ ತಂದದ್ದು ಇದೇ ರೋಗಕ್ಕೆ. ನಮ್ಮಲ್ಲಿ ಗ್ರಾಮ ಚಾಕರಿಗಳ ರದ್ದತಿ ಕಾಯಿದೆ ಆದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರಲ್ಲಿ.

ನೀರುಗಂಟಿ ಎಂದೆ. ಕುಣಿಗಲ್ಲಿನವರು ಈ ಮಾತಿಗೆ ಸ್ವಲ್ಪ ನಿಲ್ಲಬೇಕು. ಕುಣಿಗಲ್ ಕೆರೆಯ ಚೆಲುವನ್ನು ನಾಡೇ ಹಾಡುತ್ತದೆ. ಕೆರೆ ಎಂದರೆ ಊರಿನ ಹಗೇವು, ಕಾಳಿನ ಬದಲು ನೀರು. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯೂ ಅಷ್ಟೇ, ಶಿಂಷಾ ಹೊಳೆಗೆ ಅಡ್ಡ ಕಟ್ಟಿದ್ದು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅಳೆದು ಬಿಡುತ್ತಿದ್ದವನು ನೀರುಗಂಟಿ. ನಮ್ಮ ಕಡೆ ಈ ಕೆಲಸ ಬಹಳ ಕಡೆ ನಮ್ಮವರದೇ. ನ್ಯಾಯವಾಗಿ ಹಂಚುತ್ತಾನೆ, ಯಾಕೆಂದರೆ ಅವನಿಗೆ ಕೆರೆಯ ಕೆಳಗೆ ಗದ್ದೆ ಇಲ್ಲ ಎಂದು ಮೆಚ್ಚಿ ಬರೆದವರಿದ್ದಾರೆ. ಇದು ಮೆಚ್ಚುಗೆಯ ಮಾತೋ, ಬೈಗುಳವೋ? ಇಡೀ ಊರಿಗೆ ನೀರು ಅಳೆದು ಕೊಟ್ಟವನು ತನ್ನ ಮನೆಯ ಕುಡಿಯುವ ನೀರಿಗೆ ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಅದೇ ಕುಣಿಗಲ್ಲಿನಲ್ಲಿ ಹೈದರ್ ಟಿಪ್ಪು ಕಾಲದಿಂದ ಕುದುರೆ ಫಾರಂ ನಡೆದು ಬಂದಿದೆ. ದಂಡಿನ ಕುದುರೆಗೆ ಹುರುಳಿ ಕೂಡಿಡುವುದು ಸರ್ಕಾರದ ಕೆಲಸ ಎಂಬ ವಿಷಯದಲ್ಲಿ ಯಾವ ದೊರೆಗೂ ಅನುಮಾನ ಬರಲಿಲ್ಲ. ಮನುಷ್ಯರಿಗೆ ಕೂಡಿಡಬೇಕೆ ಎಂಬುದಕ್ಕೆ ಮಾತ್ರ ಕಮಿಷನ್ನುಗಳು ಬೇಕಾದವು.

ಹಗೇವು ಸತ್ತದ್ದು ಹೇಗೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ರೈತರಿಂದ ಲೆವಿ ಕಾಳು ವಸೂಲಿಗೆ ನಿಂತಿತು. ಆಗ ಹಗೇವಿಗೆ ಹೊಸ ಉಪಯೋಗ ಬಂತು, ಅಮಲ್ದಾರರ ಕಣ್ಣಿಗೆ ಮಣ್ಣು ಮೆತ್ತುವುದು. ಎಲ್ಲಿ ಹಗೇವಿದೆ ಎಂದು ಗೊತ್ತಿದ್ದವನು ತುಂಬಿದ ಆಳೊಬ್ಬನೇ. ಅವನ ಬಾಯಿ ಮುಚ್ಚಿಸಲು ಆ ವರ್ಷ ಒಂದು ಕೊಳಗ ಹೆಚ್ಚು ಕೊಟ್ಟರು ಎಂದು ದೊಡ್ಡಪ್ಪ ನಗುತ್ತಾನೆ. ಆಮೇಲೆ ಅಮೆರಿಕದ ಪಿ.ಎಲ್. 480 ಗೋಧಿ ಬಂತು, ಮೈಲೋ ಜೋಳ ಬಂತು. ಇಂಡಿಯಾ, ಆಫ್ರಿಕಾದ ರಾಗಿಗಳನ್ನು ಕೂಡಿಸಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಇಳುವರಿ ಏರಿತು. ಹೆಚ್ಚಿದ್ದನ್ನು ಮಂಡಿಗೆ ಹಾಕಿ ದುಡ್ಡು ಮಾಡುವುದು ಲಾಭವಾಯಿತು. 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ. ಹಗೇವಿಗೆ ಇಳಿ ಎಂದರೆ ನೀನೇ ಇಳಿ ಎನ್ನುವ ಹುಡುಗರು ಕೇರಿಯಲ್ಲಿ ಬೆಳೆದರು. ಸಂಘ ಬಂತು, ನೀಲಿ ಬಾವುಟ ಬಂತು. ನನ್ನ ಮಟ್ಟಿಗೆ ಹಗೇವು ಮುಚ್ಚಿದ್ದು ಚೀಲ, ಗೋಡೌನು ಬಂದದ್ದರಿಂದ ಎಷ್ಟೋ, ಇಳಿಯುವವರು ಇಲ್ಲದ್ದರಿಂದಲೂ ಅಷ್ಟೇ.

ಭೂಮಿ ಮಾತ್ರ ಹಾಗೇ ಉಳಿಯಿತು. 1974ರ ಭೂ ಸುಧಾರಣೆಯಲ್ಲಿ ಗೇಣಿದಾರನಿಗೆ ಭೂಮಿ ಸಿಕ್ಕಿತು, ದೇವರಾಜ ಅರಸರ ಆ ಕೆಲಸವನ್ನು ಸಣ್ಣದು ಎನ್ನಲಾರೆ. ಆದರೆ ಜೀತದವನು ಗೇಣಿದಾರನಲ್ಲವಲ್ಲ! ಅವನಿಗೆ ಅರ್ಜಿ ನಮೂನೆಯಲ್ಲೇ ಜಾಗವಿರಲಿಲ್ಲ. ಸರ್ಕಾರ ಮಂಜೂರು ಮಾಡಿದ ಚೂರುಪಾರು ನೆಲವೂ ಸಾಲಕ್ಕೆ, ಹೆಂಡಕ್ಕೆ, ಮೋಸದ ಹೆಬ್ಬೆಟ್ಟಿಗೆ ಕೈ ಬಿಟ್ಟು ಹೋಗುತ್ತಿದ್ದಾಗ 1978ರಲ್ಲಿ ಪಿಟಿಸಿಎಲ್ ಕಾಯಿದೆ ಬಂತು. ಅದನ್ನು ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿದವರ ಚಪ್ಪಲಿ ಸವೆತದ ಚರಿತ್ರೆಯನ್ನು ಇನ್ನೊಮ್ಮೆ ಬರೆಯಬೇಕು. ದೊಡ್ಡವ್ವ ಕಟ್ಟಿಟ್ಟ ತೆನೆ ಅವಳದೇ ನೆಲ ಕಾಣದೆ ಹೋಯಿತು.

2020ರಲ್ಲಿ ನಡೆದು ಬಂದ ಹುಡುಗರನ್ನು ಕೇರಿಯಲ್ಲಿ ಉಳಿಸಿದ್ದು ಯಾರ ಹಗೇವೂ ಅಲ್ಲ. ರೇಷನ್ ಕಾರ್ಡಿನ ಅಕ್ಕಿ, ರಾಗಿ ಉಳಿಸಿತು. 2013ರ ಆಹಾರ ಭದ್ರತೆ ಕಾಯಿದೆ, ಅದೇ ವರ್ಷದ ಅನ್ನಭಾಗ್ಯ. ಪುಕ್ಕಟೆ ಅಕ್ಕಿ ತಿಂದು ಜನ ಸೋಮಾರಿಗಳಾದರು ಎಂದು ಗುಬ್ಬಿಯ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತಾ ಮಾತಾಡುವವರನ್ನು ನಾನೇ ಕೇಳಿದ್ದೇನೆ. ಒಂದಕ್ಕೆ ಒಂದೂವರೆ ಸಾಲ ಕೇಳಲು ಈಗ ಯಾರೂ ಬಾಗಿಲಿಗೆ ಬರುವುದಿಲ್ಲವಲ್ಲ, ಆ ಸಂಕಟ.

ಜೆಸಿಬಿಯವನು ಅವಸರದಲ್ಲಿದ್ದ. ಗುಂಡಿ ಮುಚ್ಚಿ ಮುಂದೆ ಹೋಗಬೇಕು, ಗಂಟೆ ಬಾಡಿಗೆ. ದೊಡ್ಡಪ್ಪ ಕೈ ಅಡ್ಡ ಹಿಡಿದು ನಿಲ್ಲಿಸಿದ. ಹುಡುಗನೊಬ್ಬನನ್ನು ಕಳಿಸಿ ಅಂಗಡಿಯಿಂದ ಮೇಣದಬತ್ತಿ ತರಿಸಿದ. ಹಳೇ ಡಬ್ಬಿಯಲ್ಲಿ ಅದನ್ನು ಹಚ್ಚಿ ನಿಲ್ಲಿಸಿ, ಹಗ್ಗ ಕಟ್ಟಿ, ಮೆಲ್ಲಗೆ ಇಳಿಬಿಟ್ಟ. ಹುಡುಗರು ಸುಮ್ಮನಾದರು. ಬತ್ತಿ ತಳ ಮುಟ್ಟಿತು, ಉರಿಯುತ್ತಲೇ ಇತ್ತು. ದೊಡ್ಡಪ್ಪ ಬಗ್ಗಿ ಬಹಳ ಹೊತ್ತು ನೋಡಿದ. "ಈಗ ಗಾಳಿ ಆಡ್ತೈತೆ" ಅಂದ. ಹಗ್ಗ ಎಳೆದುಕೊಂಡು, ಬತ್ತಿ ಆರಿಸಿ ಜೇಬಿಗೆ ಹಾಕಿಕೊಂಡ. "ನಡಿಯೋ, ಸೊಸೈಟೀಲಿ ಇವತ್ತು ರಾಗಿ ಕೊಡ್ತವ್ರೆ. ನಾನೇ ಓಗಿ ಎಬ್ಬೆಟ್ಟು ಒತ್ಬೇಕಂತೆ" ಎಂದು ನನ್ನ ಹೆಗಲು ಹಿಡಿದುಕೊಂಡ.